ಮೈನಸ್ 11ರ ಗ್ಯಾರೇಜಲ್ಲಿ ಸೀಸದ ಗುಂಡಿಗೆ ಮೇಣ ಹಿಡಿಸಿದ್ದು

ಅಕ್ಟೋಬರಲ್ಲಿ ಗ್ಯಾರೇಜ್ ಬಾಗ್ಲು ಪೂರ್ತಿ ತೆಗೆದಿಟ್ಕೊಂಡು ಒಂದು ಶನಿವಾರ ಭಾನುವಾರ ಕೂತು ಸುಮಾರು 900 ಗುಂಡು ಎರಕ ಹೊಯ್ದಿದ್ದೆ. .38 ಸ್ಪೆಷಲ್ ರಿವಾಲ್ವರಿಗೆ, ಒಂದೊಂದು 158 ಗ್ರೇನ್, ಅಂದ್ರೆ ಹತ್ತು ಗ್ರಾಂಗಿಂತ ಚೂರು ಜಾಸ್ತಿ. ಲ್ಯೂಬ್, ಅಂದ್ರೆ ಜಾರೋ ಮೇಣ, ಹಚ್ಚೋದೊಂದು ಬಾಕಿ ಇತ್ತು, ಮುಂದಿನ ವಾರ ಮಾಡಿದ್ರಾಯ್ತು ಅಂತ ಡಬ್ಬಿಗೆ ತುಂಬಿ ಮುಚ್ಚಳ ಹಾಕ್ದೆ. ಆ ಮುಂದಿನ ವಾರ ಬಂದಿದ್ದು ಜನವರಿಲಿ. ನಾವಿರೋದು ಉತ್ತರ ಮಿನೆಸೋಟ, ಡುಲೂತ್ ಹತ್ರ, ಸುಪೀರಿಯರ್ ಸರೋವರದ ಗಾಳಿ ನೇರ ಮನೆಗೇ ಬಡಿಯುತ್ತೆ. ಆವತ್ತು ಬೆಳಿಗ್ಗೆ ಹೊರಗೆ ಮೈನಸ್ 22, ಗ್ಯಾರೇಜ್ ಗೋಡೆ ಮೇಲಿನ ಥರ್ಮಾಮೀಟರಲ್ಲಿ ಮೈನಸ್ 11. ಮೇಣ ತುಂಬೋ ಮಷೀನಿನ ಹಿಡಿಕೆ ಮುಟ್ಟಿದ್ರೆ ಕೈ ಅಂಟ್ಕೊಂಡಂಗಾಗ್ತಿತ್ತು.

ಊರಲ್ಲಿ ಕೂತು ಓದೋರಿಗೆ ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಇಂಡಿಯಾದಲ್ಲಿ ಲೈಸೆನ್ಸ್ ಇಲ್ದೆ ಗುಂಡು ತೋಟಾ ತಯಾರಿಸೋದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ, ಕೋವಿ ಲೈಸೆನ್ಸ್ ಬೇರೆ ತಯಾರಿಕೆ ಲೈಸೆನ್ಸ್ ಬೇರೆ, ಕೊಡಗಿನೋರಿಗೆ ಇರೋ ವಿನಾಯ್ತಿನೂ ಕೋವಿ ಇಟ್ಕೊಳ್ಳೋದಕ್ಕೇ ಹೊರತು ಮನೇಲಿ ಗುಂಡು ಎರೆಯೋದಕ್ಕಲ್ಲ. ಇಲ್ಲಿ ಸ್ವಂತ ಬಳಕೆಗೆ ಮಾಡ್ಕೊಳ್ಳೋಕೆ ಅಡ್ಡಿ ಇಲ್ಲ, ಮಾರೋಕೆ ಹೊರಟ್ರೆ ಲೈಸೆನ್ಸ್ ಬೇಕು. ನಾನು ಸಿಟಿಜನ್ ಆದ ಮೇಲೇನೇ ಈ ಹವ್ಯಾಸ ಶುರು ಮಾಡಿದ್ದು. ಮತ್ತೆ ಮದ್ದಿನ ಅಳತೆ ಗಿಳತೆ ಇಲ್ಲಿ ಬರಿಯಲ್ಲ, ಅದಕ್ಕೆ ಪ್ರಿಂಟಾದ ಮ್ಯಾನ್ಯುವಲ್ ಇದೆ, ಅದನ್ನೇ ನೋಡ್ಬೇಕು. ಇದು ಬರೀ ಮೇಣದ ಕಥೆ, ಅದಕ್ಕಿಂತ ಜಾಸ್ತಿ ಚಳಿ ಕಥೆ.

ಸೀಸದ ಗುಂಡಿಗೆ ಲ್ಯೂಬ್ ಯಾಕೆ ಅಂತ ಅಪ್ಪನೂ ಕೇಳಿದ್ರು. ಸೋಮವಾರಪೇಟೆ ಹತ್ರದ ನಮ್ಮ ಮನೇಲಿ ಒಂದು ಹಳೇ ಕೇಪಿನ ಕೋವಿ ಇದೆ, ಅದಕ್ಕೆ ಮದ್ದು ಹಾಕಿ ತೆಂಗಿನ ನಾರು ತುರುಕಿ ಚರೆ ಹಾಕಿ ಗಜದಲ್ಲಿ ಜಡಿದ್ರೆ ಮುಗೀತು, ಎಣ್ಣೆ ಮೇಣ ಯಾವ್ದೂ ಇಲ್ಲ. "ನಾವೇನ್ ಮಗ ಚರೆಗೆ ಎಣ್ಣೆ ಸ್ನಾನ ಮಾಡಿಸ್ತಿದ್ವಾ" ಅಂತ ಫೋನಲ್ಲಿ ನಕ್ರು. ಆ ಕೋವಿ ನಳಿಗೆ ಒಳಗೆ ನುಣ್ಣಗೆ ಕೊಳವೆ ಥರ ಇರುತ್ತೆ ಅಪ್ಪ, ಇದರೊಳಗೆ ಸ್ಕ್ರೂ ಥರ ಸುರುಳಿ ಗೆರೆ ಕೊರೆದಿರ್ತಾರೆ, ಗುಂಡು ಆ ಗೆರೇನ ಕಚ್ಕೊಂಡು ತಿರುಗ್ತಾ ಹೋಗ್ಬೇಕು, ಒಣ ಸೀಸ ಆದ್ರೆ ತಿಕ್ಕಾಟಕ್ಕೆ, ಬಿಸಿ ಗ್ಯಾಸಿಗೆ ಸವೆದು ನಳಿಗೆ ಗೋಡೆಗೆಲ್ಲ ಮೆತ್ಕೊಳ್ಳುತ್ತೆ, ಆಮೇಲೆ ಹೊಡೆದಿದ್ದೆಲ್ಲ ಎಲ್ಲೆಲ್ಲಿಗೋ ಹೋಗುತ್ತೆ ಅಂದೆ. ಅದಕ್ಕೇ ಗುಂಡಿನ ಸೊಂಟದ ಸುತ್ತ ಒಂದು ಗ್ರೂವ್ ಬಿಟ್ಟಿರೋದು, ಆ ಗ್ರೂವಿಗೆ ಮೇಣ ತುಂಬ್ಬೇಕು, ಹೋಗ್ತಾ ಹೋಗ್ತಾ ಅದು ನಳಿಗೆಗೆ ಸವರ್ಕೊಂಡು ಹೋಗುತ್ತೆ. ಅಪ್ಪಂಗೆ ಜೇನುಮೇಣ ಅಂದಿದ್ದೇ ತಡ ಪೂರ್ತಿ ಅರ್ಥ ಆಯ್ತು.

ಈ ಮೇಣ ತುಂಬೋ ಮಷೀನಿಗೆ ಸೈಜರ್ ಅಂತೀವಿ, ಪೂರ್ತಿ ಹೆಸರು ಲ್ಯೂಬ್ರಿಸೈಜರ್. ಪಕ್ಕದ ಮನೆ ಅಜ್ಜ, ಅದಿರು ಸಾಗಿಸೋ ಹಡಗಲ್ಲಿ ಕೆಲಸ ಮಾಡಿ ರಿಟೈರ್ ಆದೋರು, ಕಣ್ಣು ಮಂಜಾಯ್ತು ಇನ್ನು ನಂಗೆ ಬೇಡ ಅಂತ ಅವರದ್ದನ್ನ ನಂಗೆ ಕೊಟ್ರು. ಎರಕದ ಕಬ್ಬಿಣದ್ದು, ನಾಲ್ಕು ಕೆ.ಜಿ. ಇದೆ. ಮಧ್ಯದಲ್ಲಿ ಒಂದು ಡೈ, ಅಂದ್ರೆ ಅಳತೆಯ ಅಚ್ಚು, ಮೇಲಿಂದ ಹಿಡಿಕೆ ಎಳೆದ್ರೆ ಗುಂಡು ಡೈ ಒಳಗೆ ಇಳಿಯುತ್ತೆ, ಇಳೀತಾ .358 ಇಂಚಿಗೆ ಒತ್ತಿ ಅಳತೆಗೆ ಬರುತ್ತೆ. ಹಿಂದ್ಗಡೆ ಒಂದು ಸಿಲಿಂಡರ್, ಅದರೊಳಗೆ ಮಧ್ಯ ತೂತಿರೋ ಮೇಣದ ಕಡ್ಡಿ, ತೂತಿನೊಳಗೆ ಒಂದು ಉದ್ದ ಸ್ಕ್ರೂ. ರ್ಯಾಚೆಟ್ ತಿರುಗಿಸಿದ್ರೆ ಒಂದು ನಟ್ ಕೆಳಗಿಳಿದು ಮೇಣಾನ ಒತ್ತುತ್ತೆ, ಮೇಣ ಡೈ ಗೋಡೆಯ ಸಣ್ಣ ತೂತುಗಳಿಂದ ಬಂದು ಗುಂಡಿನ ಗ್ರೂವ್ ತುಂಬುತ್ತೆ. ಲೈಮನ್, ಆರ್‌ಸಿಬಿಎಸ್ ಕಂಪ್ನಿ ಎಲ್ಲಾರ್ದೂ ಹೆಚ್ಚು ಕಮ್ಮಿ ಇದೇ ತತ್ವ. ಬೆಚ್ಚಗಿರೋ ರೂಮಲ್ಲಿ ಇದು ಬೆಣ್ಣೆ ಕೆಲಸ.

ಹಂಗಾದ್ರೆ ಮನೆ ಒಳಗೇ ಮಾಡ್ಬಹುದಲ್ಲ ಅಂದ್ರೆ ಇಲ್ಲ. ಮನೇಲಿ ನಾಲ್ಕು ವರ್ಷದ ಮಗಳಿದಾಳೆ. ಮಕ್ಕಳ ರಕ್ತದಲ್ಲಿ ಸೀಸ 3.5 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್ ದಾಟಿದ್ರೇನೇ ಗಮನಿಸ್ಬೇಕು ಅಂತ ಇಲ್ಲಿನ ರೋಗ ನಿಯಂತ್ರಣ ಕೇಂದ್ರ ಸಿಡಿಸಿ 2021ರಲ್ಲಿ ಮಟ್ಟ ಇಳಿಸ್ತು, ಅದಕ್ಕಿಂತ ಮುಂಚೆ 5 ಇತ್ತು. ಸೀಸದ ಪುಡಿ ಕಣ್ಣಿಗೆ ಕಾಣಲ್ಲ, ಬಟ್ಟೆಗೆ ಕೈಗೆ ಅಂಟ್ಕೊಂಡು ಬರುತ್ತೆ. ಹೆಂಡ್ತಿ ಒಂದೇ ಮಾತಲ್ಲಿ ಮುಗಿಸಿದ್ಲು: "ರೀ, ಗುಂಡೂ ಒಳಗ್ ಬರ್ಬಾರ್ದು, ಆ ಶೂನೂ ಒಳಗ್ ಬರ್ಬಾರ್ದು." ಅವಳು ಹೇಳಿದ್ದು ಸರಿನೇ. ಹಂಗಾಗಿ ಗ್ಯಾರೇಜಲ್ಲೇ ಆಗ್ಬೇಕು, ಇಡೀ ಗ್ಯಾರೇಜ್ ಬಿಸಿ ಮಾಡೋಷ್ಟು ಪ್ರೊಪೇನ್ ಸುಡೋಕೆ ನಂಗೆ ಹುಚ್ಚಿಲ್ಲ.

ಮೊದಲ್ನೇ ದಿನ ಏನೂ ಬಿಸಿ ಮಾಡ್ದೆ ಹಂಗೇ ಶುರು ಮಾಡ್ದೆ, ಅದೇ ದೊಡ್ಡ ತಪ್ಪು. ನಾನು ತಂದಿದ್ದು ನೀಲಿ ಬಣ್ಣದ ಗಟ್ಟಿ ಲ್ಯೂಬ್ ಕಡ್ಡಿ, ಬೇಸಿಗೇಲಿ ಕೈಗೆ ಅಂಟಲ್ಲ ಅಂತ ಆಸೆಪಟ್ಟು ತಂದಿದ್ದು. ಆ ಚಳೀಲಿ ಅದು ಮೇಣದ ಬತ್ತಿ ಅಲ್ಲ, ಸೀಮೆಸುಣ್ಣ. ರ್ಯಾಚೆಟ್ ತಿರುಗ್ಲಿಲ್ಲ, ತಿರುಗ್ತಿಲ್ಲ ಅಂತ ಹಿಡಿಕೆಗೆ ಒಂದು ಪೈಪ್ ಸಿಕ್ಕಿಸಿ ಜೋರಾಗಿ ಎಳೆದೆ, ಟಕ್ ಅಂತು. ಒತ್ತೋ ನಟ್ಟಿನ ಥ್ರೆಡ್ಡೇ ಕಿತ್ಕೊಂಡು ಹೋಯ್ತು. ಹೊಸ ನಟ್ಟಿಗೆ ಒಂಬತ್ತು ದಿನ ಕಾದೆ. ಅಜ್ಜಂಗೆ ಹೇಳಿದ್ರೆ ಅವರು ಬೈಲಿಲ್ಲ, "ನಲವತ್ತು ವರ್ಷ ನನ್ ಹತ್ರ ಇತ್ತು, ನಾನೂ ಎರಡು ಸಲ ಮುರ್ದಿದೀನಿ" ಅಂದ್ರು. ಪೈಪ್ ಹಾಕೋ ಅಷ್ಟು ಬಲ ಬೇಕು ಅಂದ್ರೆ ಮೇಣ ಇನ್ನೂ ಗಟ್ಟಿ ಇದೆ ಅಂತ ಅರ್ಥ, ಅಷ್ಟೇ, ಅಲ್ಲಿಗೆ ನಿಲ್ಲಿಸ್ಬೇಕಿತ್ತು.

ನಟ್ ಬರೋವರೆಗೆ ಬಿಸಿ ಮಾಡೋ ದಾರಿ ಹುಡುಕ್ದೆ. ಹೇರ್ ಡ್ರೈಯರ್ ಹಿಡಿದ್ರೆ ಸಿಲಿಂಡರ್ ಮೇಲ್ಭಾಗ ಬೆಚ್ಚಗಾಯ್ತು, ಕೆಳಗೆ ಡೈ ಹತ್ರ ಐಸೇ, ಅಷ್ಟರಲ್ಲಿ ಕೈ ಸೋತ್ಹೋಯ್ತು. ಹಳೇ 100 ವ್ಯಾಟ್ ಬಲ್ಬಿಗೆ ಒಂದು ರಟ್ಟಿನ ಡಬ್ಬ ಕವಿಚಿ ಹಾಕಿ ಗೂಡು ಮಾಡ್ದೆ, ಕೋಳಿ ಮರಿಗೆ ಮಾಡ್ದಂಗೆ. ಅದು ಪರ್ವಾಗಿರ್ಲಿಲ್ಲ, ಆದ್ರೆ ಡಬ್ಬ ತೆಗೆದು ಹತ್ತು ನಿಮಿಷಕ್ಕೆ ವಾಪಸ್ ಗಟ್ಟಿ. ಆಮೇಲೆ ಬುದ್ಧಿವಂತಿಕೆ ಅಂದ್ಕೊಂಡು ಕಾರಿನ ಇಂಜಿನ್ ಆಯಿಲ್ ಬಿಸಿ ಮಾಡೋ ಮ್ಯಾಗ್ನೆಟ್ ಹೀಟರ್ ತಂದು ಸೈಜರ್ ಬುಡಕ್ಕೆ ಅಂಟಿಸ್ದೆ, ಇಲ್ಲಿ ಎಲ್ಲಾರ ಗ್ಯಾರೇಜಲ್ಲೂ ಒಂದಿರುತ್ತೆ, ಇಲ್ದಿದ್ರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ. 200 ವ್ಯಾಟು, ಥರ್ಮೋಸ್ಟಾಟ್ ಇಲ್ಲ. ನಾನು ಊಟ ಮುಗಿಸಿ ಬರೋಷ್ಟರಲ್ಲಿ ನೀಲಿ ಮೇಣ ತುಪ್ಪ ಆಗಿ ಡೈ ಒಳಗಿಂದ ಸೋರಿ ಬೆಂಚ್ ಮೇಲಿಂದ ನೆಲಕ್ಕೆ ತೊಟ್ಟಿಕ್ಕಿ, ನೆಲದ ಕಾಂಕ್ರೀಟ್ ತಣ್ಣಗಿದ್ದಿದ್ದಕ್ಕೆ ಬಿದ್ದಲ್ಲೇ ನೀಲಿ ಗುಡ್ಡೆ ಗುಡ್ಡೆ ಆಗಿ ನಿಂತಿತ್ತು. ಪೂರ್ತಿ ಒಂದು ಕಡ್ಡಿ ದಂಡ.

ಆಗ ಸರಿಯಾಗಿ ಕೂತು ಲೆಕ್ಕ ಹಾಕ್ದೆ, ಇದನ್ನ ಮೊದ್ಲೇ ಮಾಡ್ಬೇಕಿತ್ತು. ನಾಲ್ಕು ಕೆ.ಜಿ. ಎರಕದ ಕಬ್ಬಿಣ, ಒಂದು ಕೆ.ಜಿ. ಒಂದು ಡಿಗ್ರಿ ಏರೋಕೆ ಸುಮಾರು 460 ಜೂಲ್. ಮೈನಸ್ 11ರಿಂದ 38ಕ್ಕೆ ಬರ್ಬೇಕು ಅಂದ್ರೆ 49 ಡಿಗ್ರಿ, ಹತ್ರಹತ್ರ 90 ಸಾವಿರ ಜೂಲ್. ಕೆಳಗಿಡೋ ಅಲ್ಯೂಮಿನಿಯಂ ಪ್ಲೇಟಿಗೆ ಇನ್ನೊಂದು 23 ಸಾವಿರ. 100 ವ್ಯಾಟ್ ಕೊಟ್ರೆ ಲೆಕ್ಕದ ಪ್ರಕಾರ 19 ನಿಮಿಷ, ಗಾಳಿಗೆ ಬೆಂಚಿಗೆ ಹೋಗೋ ಬಿಸಿ ಸೇರಿಸಿದ್ರೆ ಅದರ ಎರಡ್ಪಟ್ಟು ಮೇಲೆ. ಅಂದ್ರೆ 200 ವ್ಯಾಟೇನೂ ಬೇಕಿಲ್ಲ, 100 ವ್ಯಾಟ್ ಸಾಕು, ತಾಳ್ಮೆ ಬೇಕು, ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳೋಕೆ ಒಂದು ಥರ್ಮೋಸ್ಟಾಟ್ ಬೇಕು.

ಪ್ಲೇಟಿನ ವಿಷ್ಯ. ನಾಲ್ಕಿಂಚು ಆರಿಂಚಿನ, ಅರ್ಧ ಇಂಚು ದಪ್ಪದ ಅಲ್ಯೂಮಿನಿಯಂ ತುಂಡು ಸ್ಕ್ರ್ಯಾಪಲ್ಲಿ ಸಿಕ್ತು. ಅದರ ದಪ್ಪದೊಳಗೆ ಅಡ್ಡಕ್ಕೆ ಒಂದು ಉದ್ದ ತೂತು ಕೊರೆದು ಪೆನ್ಸಿಲ್ ಥರದ ಕಾರ್ಟ್ರಿಡ್ಜ್ ಹೀಟರ್ ತೂರಿಸ್ಬೇಕು, ಕಾರ್ಟ್ರಿಡ್ಜ್ ಅಂದ್ರೆ ತೋಟಾ ಅಲ್ಲ ಮತ್ತೆ, ಹೀಟರಿನ ಹೆಸರೇ ಅದು. ಈ ತೂತು ಬಿಗಿ ಇರ್ಬೇಕು, ಸಡಿಲ ಇದ್ರೆ ಹೀಟರ್ ಮೈ ಬಿಸಿ ಪ್ಲೇಟಿಗೆ ದಾಟಲ್ಲ, ತನಗೆ ತಾನೇ ಸುಟ್ಕೊಳ್ಳುತ್ತೆ. ನಾನು ಮೊದ್ಲು ಒಂದು ಸೈಜ್ ಚಿಕ್ಕ ಡ್ರಿಲ್ ಬಿಟ್ಟಲ್ಲಿ ಕೊರೆದು ಆಮೇಲೆ ತೂತನ್ನ ಸರಿಯಾದ ಅಳತೆಗೆ ತರೋ ರೀಮರ್ ಹಾಕ್ದೆ, ಸೀಮೆಎಣ್ಣೆ ಹನಿಸ್ತಾ ಹನಿಸ್ತಾ, ಅಲ್ಯೂಮಿನಿಯಂ ಬಿಟ್ಟಿಗೆ ಅಂಟ್ಕೊಳ್ಳೋ ಜಾತಿ, ಪ್ರತಿ ಅರ್ಧ ಇಂಚಿಗೆ ಹೊರಗೆಳೆದು ಚೂರು ತೆಗೀಬೇಕು. ಪ್ಲೇಟಿಗೆ ಅರ್ತಿಂಗ್ ವೈರ್ ಸ್ಕ್ರೂ ಮಾಡಿದೀನಿ, ಹೀಟರ್ ಲೈನಲ್ಲಿ 84 ಡಿಗ್ರಿಗೆ ಹಾರಿಹೋಗೋ ಥರ್ಮಲ್ ಫ್ಯೂಸ್ ಸೀರೀಸಲ್ಲಿದೆ, ಪ್ಲಗ್ ಹಾಕೋದು ಶಾಕ್ ಹೊಡೆದ್ರೆ ಕಟ್ ಆಗೋ ಸಾಕೆಟ್ಟಿಗೆ. ಥರ್ಮೋಸ್ಟಾಟ್ ಮನೇಲಿ ಬಿಯರ್ ಮಾಡೋರು ಬಳಸೋ ಪ್ಲಗ್-ಇನ್ ಡಬ್ಬಿ, ಅದಕ್ಕೊಂದು ವೈರ್ ತುದೀಲಿ ಸೆನ್ಸರ್. ಪ್ಲೇಟ್ ಕೆಳಗೆ ಬೆಂಚಿಗೆ ಬಿಸಿ ಹೋಗ್ದೇ ಇರ್ಲಿ ಅಂತ ಕಾಲಿಂಚಿನ ಕಾರ್ಕ್ ಹಾಳೆ. ಉದ್ದದ ಬೋಲ್ಟ್ ತಂದು ಸೈಜರ್, ಪ್ಲೇಟ್, ಕಾರ್ಕ್, ಬೆಂಚ್ ಎಲ್ಲಾನೂ ಸೇರಿಸಿ ಬಿಗಿದೆ.

ಸೆನ್ಸರ್ ಎಲ್ಲಿಡ್ಬೇಕು ಅನ್ನೋದ್ರಲ್ಲಿ ಒಂದು ಸಂಜೆ ಹೋಯ್ತು. ಪ್ಲೇಟಿಗೆ ಅಂಟಿಸಿದ್ರೆ ಪ್ಲೇಟ್ 40 ಮುಟ್ಟಿದ ತಕ್ಷಣ ಕಟ್ ಆಗುತ್ತೆ, ಮೇಲೆ ಸಿಲಿಂಡರ್ ಇನ್ನೂ 8 ಡಿಗ್ರೀಲಿ ಕೂತಿರುತ್ತೆ. ಸಿಲಿಂಡರ್ ಮೇಲ್ತುದಿಗೆ ಇಟ್ರೆ ಅದು ಬೆಚ್ಚಗಾಗೋಷ್ಟರಲ್ಲಿ ಕೆಳಗೆ ಮತ್ತೆ ತುಪ್ಪ. ಕೊನೆಗೆ ಡೈ ಇರೋ ಜಾಗದ ಹಿಂಭಾಗ, ಮೇಣ ಸಿಲಿಂಡರಿಂದ ಡೈಗೆ ದಾಟೋ ದಾರಿ ಪಕ್ಕದಲ್ಲೇ ಇಟ್ಟು ಅಲ್ಯೂಮಿನಿಯಂ ಟೇಪ್ ಸುತ್ತಿದೆ, ಸಿಲಿಂಡರಿಗೆ ಹಳೇ ಉಣ್ಣೆ ಸಾಕ್ಸ್ ಒಂದನ್ನ ಕತ್ತರಿಸಿ ತೊಡಿಸ್ದೆ. 38ಕ್ಕೆ ಸೆಟ್ ಮಾಡಿದ್ರೆ 45ರಿಂದ 50 ನಿಮಿಷದಲ್ಲಿ ನೀಲಿ ಮೇಣ ಟೂತ್‌ಪೇಸ್ಟ್ ಹದಕ್ಕೆ ಬಂತು. ನೀರಾಗ್ಬಾರ್ದು, ಪುಡಿಯಾಗ್ಬಾರ್ದು, ರ್ಯಾಚೆಟ್ ಎರಡು ಬೆರಳಲ್ಲಿ ತಿರುಗ್ಬೇಕು, ಅದೇ ಹದ. ಬೇರೆ ಕಡ್ಡಿಗೆ ಬೇರೆ ಟೆಂಪರೇಚರ್, ಅರ್ಧ ಜೇನುಮೇಣ ಅರ್ಧ ಆಲಾಕ್ಸ್ ಅನ್ನೋ ಪೆಟ್ರೋಲಿಯಂ ಜಿಡ್ಡು ಇರೋ, ಇಲ್ಲಿನ ರೈಫಲ್ ಸಂಘ ಎನ್ಆರ್ಎ ಫಾರ್ಮುಲಾ ಕಡ್ಡಿ ಆದ್ರೆ ರೂಮ್ ಟೆಂಪರೇಚರಲ್ಲೇ ಮೆತ್ತಗಿರುತ್ತೆ, ಅದಕ್ಕೆ 38 ಬಹಳ ಜಾಸ್ತಿ.

ಆವತ್ತು ರಾತ್ರಿ 200 ಗುಂಡು ಎಳೆದೆ. ಒಂದೊಂದು ಗ್ರೂವೂ ನೀಲಿಯಾಗಿ ನೀಟಾಗಿ ತುಂಬಿ ಎಷ್ಟ್ ಚಂದ ಕಾಣ್ತಿತ್ತು ಅಂದ್ರೆ ಫೋಟೋ ತೆಗೆದು ಅಜ್ಜಂಗೆ ಕಳಿಸ್ದೆ.

ಬೆಳಿಗ್ಗೆ ಡಬ್ಬಿ ಎತ್ತಿ ಅಲ್ಲಾಡಿಸಿದ್ರೆ ಒಳಗೆ ಚರಚರ ಸದ್ದು. ಮುಚ್ಚಳ ತೆಗೆದ್ರೆ ತಳದಲ್ಲಿ ಗೊಂಬೆಗೆ ಹಾಕೋ ಬಳೆ ಥರ ನೀಲಿ ಬಳೆಗಳು. ಕೆಲವು ಇಡಿಯಾಗಿ, ಹೆಚ್ಚಿನವು ಮುರಿದು ಅರ್ಧ ಚಂದ್ರ. ಒಂದು ಗುಂಡು ಎತ್ತಿ ನೋಡಿದ್ರೆ ಗ್ರೂವ್ ಖಾಲಿ, ಸೀಸ ಫಳಫಳ ಅಂತಿದೆ, ಮೇಣ ಅಂಟಿದ್ದ ಗುರುತೂ ಇಲ್ಲ. ಎಣಿಸ್ದೆ, 200ರಲ್ಲಿ 71 ಗುಂಡಿನ ಮೇಣ ಪೂರ್ತಿ ಉದುರಿತ್ತು, ಉಳಿದಿದ್ರಲ್ಲೂ ಉಗುರು ತಾಗಿಸಿದ್ರೆ ಚಕ್ಕೆ ಚಕ್ಕೆ ಏಳ್ತಿತ್ತು.

ಮೊದ್ಲು ಲ್ಯೂಬನ್ನೇ ಬೈದೆ. ಹುಡುಕಿದ್ರೆ ಎಲ್ಲಾರೂ ಹೇಳೋದು ಒಂದೇ, ಲ್ಯೂಬ್ ಬಿಸಿ ಮಾಡು, ಹೀಟರ್ ಹಾಕು. ಹಾಕಿದೀನಲ್ಲ ಮಾರಾಯ್ರೇ. ಟೆಂಪರೇಚರ್ 42ಕ್ಕೆ ಏರಿಸಿ ಇನ್ನೊಂದು 20 ಎಳೆದೆ, ಅದೂ ಬೆಳಿಗ್ಗೆಗೆ ಉದುರ್ತು, ಇನ್ನೂ ಜಾಸ್ತಿನೇ. ಆಗ ಒಂದು ಗುಂಡಿನಿಂದ ಇಡಿಯಾಗಿ ಬಿದ್ದಿದ್ದ ಬಳೆ ಎತ್ಕೊಂಡು ಭೂತಕನ್ನಡಿ ಕೆಳಗೆ ನೋಡ್ದೆ. ಹೊರಮೈ, ಅಂದ್ರೆ ಡೈಗೆ ತಾಗಿದ್ದ ಕಡೆ, ನುಣ್ಣಗೆ ಹೊಳೀತಿದೆ. ಒಳಮೈ, ಸೀಸಕ್ಕೆ ತಾಗಿದ್ದ ಕಡೆ, ಮಂಕಾಗಿ, ಸುಕ್ಕು ಸುಕ್ಕಾಗಿ, ತಣ್ಣಗಿರೋ ತಟ್ಟೆಗೆ ತುಪ್ಪ ಸುರಿದ್ರೆ ತಳದಲ್ಲಿ ಹೆಪ್ಪುಗಟ್ಟುತ್ತಲ್ಲ, ಹಂಗೆ. ಮಷೀನ್ ಬೆಚ್ಚಗಿತ್ತು, ಮೇಣ ಬೆಚ್ಚಗಿತ್ತು, ಗುಂಡು ಮಾತ್ರ ಮೈನಸ್ 11ರ ಡಬ್ಬಿಯಿಂದ ನೇರ ಬಂದು ಡೈ ಒಳಗೆ ಕೂರ್ತಿತ್ತು. ಅರ್ಧ ಸೆಕೆಂಡಿನ ಕೆಲಸ, ಅಷ್ಟರಲ್ಲಿ ಸೀಸ ಬೆಚ್ಚಗಾಗೋದಿಲ್ಲ. ಮೇಣ ಸೀಸಕ್ಕೆ ತಾಗಿದ ಕ್ಷಣಾನೇ ಅಲ್ಲಲ್ಲೇ ಸೆಟ್ಟಾಗಿ ಬಿಡ್ತಿತ್ತು, ಕಚ್ಕೊಳ್ಳೋಕೆ ಟೈಮೇ ಇಲ್ಲ. ಆಮೇಲೆ ಪೂರ್ತಿ ತಣ್ಣಗಾಗ್ತಾ ಮೇಣ ಕುಗ್ಗುತ್ತೆ, ಮೇಣ ಸೀಸಕ್ಕಿಂತ ಜಾಸ್ತಿ ಕುಗ್ಗೋದು, ಕಚ್ಕೊಂಡಿಲ್ದೇ ಇರೋ ಬಳೆ ಕುಗ್ಗಿದ್ರೆ ಬಿರುಕು ಬಿಟ್ಟು ಉದುರ್ದೇ ಏನ್ಮಾಡುತ್ತೆ. ಬಿಸಿ ಜಾಸ್ತಿ ಮಾಡಿದಷ್ಟೂ ಕುಗ್ಗೋದೂ ಜಾಸ್ತಿ, ಅದಕ್ಕೇ 42ರಲ್ಲಿ ಇನ್ನೂ ಕೆಟ್ಟಿದ್ದು.

ಅಂದ್ರೆ ಮೂರು ವಾರ ಒದ್ದಾಡಿ ಬಿಸಿ ಮಾಡಿದ್ದು ಮೇಣಾನ, ಬಿಸಿ ಮಾಡ್ಬೇಕಿದ್ದಿದ್ದು ಗುಂಡನ್ನ ಕೂಡ. ಸೀಸದ ಒಂದು ಒಳ್ಳೇ ಗುಣ ಅಂದ್ರೆ ಅದಕ್ಕೆ ಬಿಸಿ ಜಾಸ್ತಿ ಬೇಡ, ತೂಕಕ್ಕೆ ಹೋಲಿಸಿದ್ರೆ ಕಬ್ಬಿಣಕ್ಕಿಂತ ಕಾಲು ಭಾಗದಷ್ಟು ಸಾಕು, ಗ್ರಾಂಗೆ 0.13 ಜೂಲ್. 200 ಗುಂಡು ಅಂದ್ರೆ ಎರಡು ಕೆ.ಜಿ. ಚಿಲ್ರೆ, 40 ಡಿಗ್ರಿ ಏರಿಸೋಕೆ ಬರೀ 10 ಸಾವಿರ ಜೂಲ್. ಒಂದು ಲೋಟ ಬಿಸಿನೀರಿನ ಕೆಲಸ.

ಬಿಸಿನೀರು ಅನ್ನೋದು ಸುಮ್ನೆ ಹೊಳೀಲಿಲ್ಲ. ಇಲ್ಲಿ ಚಳಿಗಾಲದಲ್ಲಿ ದೋಸೆ ಹಿಟ್ಟು ಹುಳಿ ಬರೋದೇ ಇಲ್ಲ, ಹಂಗಾಗಿ ಹೆಂಡ್ತಿ ಹಿಟ್ಟಿನ ಪಾತ್ರೇನ ಪಿಕ್ನಿಕ್ಕಿಗೆ ಒಯ್ಯೋ ಐಸ್ ಬಾಕ್ಸ್ ಒಳಗಿಟ್ಟು ಪಕ್ಕಕ್ಕೆ ಎರಡು ಬಾಟ್ಲು ಬಿಸಿನೀರಿಟ್ಟು ಮುಚ್ತಾಳೆ, ಬೆಳಿಗ್ಗೆ ಎದ್ರೆ ಹಿಟ್ಟು ಉಕ್ಕಿ ಮುಚ್ಚಳ ಮುಟ್ಟಿರುತ್ತೆ. ಆ ಭಾನುವಾರ ದೋಸೆ ತಿಂತಾ ಆ ಬಾಕ್ಸನ್ನೇ ನೋಡ್ತಿದ್ದೆ. ಅವಳಿಗೆ ಅರ್ಥ ಆಗೋಯ್ತು. "ಇದನ್ನ ಮುಟ್ಟಿದ್ರೆ ನೋಡಿ." ಮುಟ್ಲಿಲ್ಲಪ್ಪ, ಯಾರೂ ಮುಟ್ಬೇಡಿ, ಸೀಸ ಹೋದ ಡಬ್ಬಕ್ಕೆ ಮತ್ತೆ ಊಟ ಹೋಗ್ಬಾರ್ದು. ಹಳೇ ಸಾಮಾನು ಅಂಗ್ಡೀಲಿ ಐದು ಡಾಲರಿಗೆ ಇನ್ನೊಂದು ತಂದು ಅದರ ಮೇಲೆ ಕೆಂಪು ಪೇಂಟಲ್ಲಿ ಕನ್ನಡದಲ್ಲೇ ಸೀಸ ಅಂತ ದೊಡ್ಡದಾಗಿ ಬರೆದೆ.

ಈಗ ಮಾಡೋದು ಹಿಂಗೆ. ಸೈಜರ್ ಸ್ವಿಚ್ ಹಾಕಿ, ಅದೇ ಹೊತ್ತಿಗೆ ಗುಂಡುಗಳನ್ನ ತಗಡಿನ ಟ್ರೇಲಿ ಒಂದೇ ಪದರ ಹರಡಿ ಐಸ್ ಬಾಕ್ಸ್ ಒಳಗಿಟ್ಟು ಎರಡು ಬಾಟ್ಲು ಬಿಸಿನೀರು ಇಟ್ಟು ಮುಚ್ಚೋದು. ಬಿಸಿನೀರಿನ ಹಬೆ ಹೊರಗೆ ಬಂದು ಗುಂಡಿನ ಮೇಲೆ ಇಬ್ಬನಿ ಕೂರ್ದಂಗೆ ಬಾಟ್ಲಿ ಮುಚ್ಚಳ ಬಿಗಿ ಇರ್ಬೇಕು, ಮೊದಲ್ನೇ ಸಲ ಒಂದು ಬಾಟ್ಲಿ ಸೋರಿ ಗುಂಡೆಲ್ಲ ಬೆವರಿತ್ತು, ಒದ್ದೆ ಸೀಸಕ್ಕೆ ಮೇಣ ಏನ್ಮಾಡಿದ್ರೂ ಹಿಡಿಯಲ್ಲ. 50 ನಿಮಿಷಕ್ಕೆ ಎರಡೂ ರೆಡಿ. ಮುಚ್ಚಳ ಅರ್ಧ ತೆಗೆದು ಒಂದೊಂದೇ ಗುಂಡು ಎತ್ಕೋಬೇಕು, ಮುಟ್ಟಿದ್ರೆ ಮಗು ಕೈ ಥರ ಬೆಚ್ಚಗಿರ್ಬೇಕು. ಲ್ಯೂಬ್ ಆದ ಮೇಲೆ ತಕ್ಷಣ ತಣ್ಣನೆ ಡಬ್ಬಿಗೆ ಎಸೀಬಾರ್ದು, ಅದೇ ಐಸ್ ಬಾಕ್ಸಿನ ಇನ್ನೊಂದು ಪಕ್ಕಕ್ಕೆ ನಿಲ್ಲಿಸಿ, ಎಲ್ಲಾ ಮುಗಿದ ಮೇಲೆ ಮುಚ್ಚಿ ಬಿಟ್ಬಿಡೋದು, ರಾತ್ರಿಯಿಡೀ ನಿಧಾನಕ್ಕೆ ಆರುತ್ತೆ. ಹಿಂಗೆ ಮಾಡಿದ ಮೊದಲ 200ರಲ್ಲಿ ಬೆಳಿಗ್ಗೆ ಉದುರಿದ್ದು 3. ಆ ಮೂರೂ ಗ್ರೂವಲ್ಲಿ ಎರಕದ ಮಡಿಕೆ ಇದ್ದವು, ಕೆಟ್ಟ ಗುಂಡುಗಳು, ಅವನ್ನ ಅಕ್ಟೋಬರಲ್ಲೇ ವಾಪಸ್ ಕರಗಿಸ್ಬೇಕಿತ್ತು.

ಬೆಚ್ಚಗಾದ ಮೇಲೆ ಹೊಸ ತಲೆನೋವು, ಗುಂಡಿನ ತಳಕ್ಕೂ ಮೇಣ ಮೆತ್ಕೊಳ್ಳೋಕೆ ಶುರು. ತಳದಲ್ಲಿ ಮೇಣ ಇದ್ರೆ ಅದು ಹೋಗಿ ಕೂರೋದು ಮದ್ದಿನ ಮೇಲೆ, ಅದನ್ನ ಬಿಡಂಗಿಲ್ಲ. ಚಳೀಲಿ ಗಟ್ಟಿ ಮೇಣಕ್ಕೆ ಬೇಕು ಅಂತ ರ್ಯಾಚೆಟ್ ಜಾಸ್ತಿ ಒತ್ತಿ ಅಭ್ಯಾಸ ಆಗಿತ್ತು, ಈಗ ಮೆತ್ತಗಿರೋ ಮೇಣಕ್ಕೂ ಅಷ್ಟೇ ಒತ್ತಿದ್ರೆ ಸಿಕ್ಕಿದ ಸಂದೀಲೆಲ್ಲ ನುಗ್ಗುತ್ತೆ. ಎಷ್ಟು ಗುಂಡಿಗೆ ಒಂದು ಕ್ಲಿಕ್ ಅಂತ ಎಣಿಸಿ ನೋಡ್ದೆ, ನಂದಕ್ಕೆ ನಾಲ್ಕು ಗುಂಡಿಗೆ ಒಂದು ಕ್ಲಿಕ್ ಸರಿ ಹೋಯ್ತು. ಜತೆಗೆ ಕೆಳಗಿನ ಡೆಪ್ತ್ ಸ್ಕ್ರೂ ಅರ್ಧ ಸುತ್ತು ಮೇಲಕ್ಕೆ ತಂದೆ, ಗುಂಡು ಡೈಲಿ ತೀರಾ ಆಳಕ್ಕೆ ಇಳಿದ್ರೆ ಗ್ರೂವು ತೂತಿನ ಸಾಲು ದಾಟಿ ಮುಂದೆ ಹೋಗಿ ತೂತು ಸುಮ್ನೆ ಖಾಲಿ ಜಾಗಕ್ಕೆ ಮೇಣ ಉಗುಳುತ್ತೆ. ಹಿಡಿಕೆ ಕೆಳಗೆ ಎಳೆದ ಮೇಲೆ ಒಂದು ಉಸಿರು ತಡೆದು ಮೇಲೆ ಎತ್ಬೇಕು, ಫಟ್ ಅಂತ ಎತ್ತಿದ್ರೆ ಗ್ರೂವಲ್ಲಿ ಗಾಳಿ ಗುಳ್ಳೆ ಉಳಿಯುತ್ತೆ. ಇದೆಲ್ಲಾ ಅಜ್ಜಂಗೆ ಕೈಯಲ್ಲೇ ಇತ್ತು, ಕೇಳಿದ್ರೆ ಹೇಳೋಕೆ ಬರ್ತಿರ್ಲಿಲ್ಲ, ಬಂದು ಎರಡು ಎಳೆದು ತೋರಿಸಿದ್ರು.

ಸೈಜರ್ ಬಿಟ್ಟು ಬೇರೆ ದಾರೀನೂ ನೋಡ್ದೆ. ಲೀ ಕಂಪ್ನಿ ಲಿಕ್ವಿಡ್ ಆಲಾಕ್ಸ್, ಗುಂಡನ್ನ ಡಬ್ಬಿಗೆ ಹಾಕಿ ನಾಲ್ಕು ಹನಿ ಬಿಟ್ಟು ಉರುಳಾಡಿಸಿದ್ರೆ ತೆಳ್ಳಗೆ ಮೆತ್ತುತ್ತೆ, ಮಷೀನೇ ಬೇಡ. ಗ್ಯಾರೇಜಲ್ಲಿ ಬಾಟ್ಲಿ ಕವಿಚಿ ಹಿಡಿದು ನಿಂತ್ರೆ ಜೋನಿ ಬೆಲ್ಲದ ಥರ, ಬರಬೇಕೋ ಬೇಡ್ವೋ ಅಂತ ಯೋಚಿಸ್ತಾ ಇಳೀತಿತ್ತು. ಬಾಟ್ಲಿನ ಬಿಸಿನೀರಲ್ಲಿ ಇಟ್ಟು ತೆಳ್ಳಗೆ ಮಾಡಿ ಮೆತ್ತಿದ್ದಾಯ್ತು, ಆದ್ರೆ ಅದು ಒಣಗ್ಬೇಕಲ್ಲ, ಒಳಗಿರೋ ಸಾಲ್ವೆಂಟ್ ಆ ಚಳೀಲಿ ಹಾರಲ್ಲ. ಸಾಮಾನ್ಯವಾಗಿ ಒಂದು ರಾತ್ರೀಲಿ ಒಣಗೋದು ನಾಲ್ಕನೇ ದಿನಕ್ಕೂ ನೊಣ ಹಿಡಿಯೋ ಕಾಗದದ ಥರ ಜಿಗುಟು. ಅದನ್ನ ಏಪ್ರಿಲ್ಲಿಗೆ ಇಟ್ಟೆ. ಟ್ರೇಲಿ ಗುಂಡು ನಿಲ್ಲಿಸಿ ಸುತ್ತ ಕರಗಿದ ಮೇಣ ಹುಯ್ದು ಬರ್ಫಿ ಥರ ಕತ್ತರಿಸಿ ತೆಗೆಯೋ ಹಳೇ ಪದ್ಧತಿನೂ ಇದೆ, ಚಳೀಲಿ ಬರ್ಫಿ ಮಧ್ಯಕ್ಕೇ ಸೀಳು ಬಿಟ್ಟು ಗುಂಡು ಬಿಟ್ಟು ಮೇಣ ದೂರ ಸರಿಯುತ್ತೆ, ಅದಕ್ಕೂ ಅದೇ ಔಷಧಿ, ಟ್ರೇನೂ ಗುಂಡೂ ಮೊದ್ಲೇ ಬೆಚ್ಚಗಿರ್ಬೇಕು, ನಿಧಾನಕ್ಕೆ ಆರ್ಬೇಕು. ಮೇಣ ಕರಗಿಸೋದು ಯಾವತ್ತೂ ನೀರಿನ ಪಾತ್ರೆ ಒಳಗೆ ಇನ್ನೊಂದು ಪಾತ್ರೆ ಇಟ್ಟು, ಜೇನುಮೇಣ ಕರಗೋದೇ 62-64 ಡಿಗ್ರಿಗೆ, ನೇರ ಉರಿ ಬೇಕಾಗೇ ಇಲ್ಲ, ಇಟ್ರೆ ಹೊತ್ಕೊಳ್ಳುತ್ತೆ.

ಮೇಣ ಕರಗಿಸ್ತಾ ಕೂತಾಗ ಒಂದು ಯೋಚ್ನೆ ಬಂತು, ಗುಂಡಿನ ಗ್ರೀಸು ನಮ್ಮೋರಿಗೆ ಹೊಸ ವಿಷ್ಯ ಏನಲ್ಲ. 1857ರಲ್ಲಿ ಎನ್‌ಫೀಲ್ಡ್ ರೈಫಲ್ಲಿನ ತೋಟಾಕ್ಕೆ ಸವರಿದ್ದು ದನದ ಕೊಬ್ಬು ಹಂದಿ ಕೊಬ್ಬು ಅನ್ನೋ ಸುದ್ದಿಗೆ ಸಿಪಾಯಿಗಳು ತಿರುಗಿಬಿದ್ರು, ಕಾಗದದ ತೋಟಾನ ಹಲ್ಲಲ್ಲಿ ಕಚ್ಚಿ ಹರೀಬೇಕಿತ್ತಲ್ಲ. ಅದೇ ವರ್ಷ ನಮ್ಮ ಮುಧೋಳದ ಕಡೆ ಹಲಗಲಿ ಬೇಡರು ಆಯುಧ ಕೊಡಲ್ಲ ಅಂತ ನಿಂತ್ರು, ಅದಂತೂ ಲಾವಣಿನೇ ಆಗಿದೆ. ಸ್ಕೂಲಲ್ಲಿ ಓದುವಾಗ ಕೊಬ್ಬು ಯಾಕೆ ಸವರ್ತಾರೆ ಅಂತ ಒಬ್ಬ ಮೇಷ್ಟ್ರೂ ಹೇಳಿರ್ಲಿಲ್ಲ, ನಂಗೆ ಗೊತ್ತಾಗಿದ್ದು ಮಿನೆಸೋಟದ ಗ್ಯಾರೇಜಲ್ಲಿ ನೀಲಿ ಬಳೆ ಹೆಕ್ಕುವಾಗ.

ಫೆಬ್ರವರಿಲಿ ರೇಂಜಿಗೆ ಒಯ್ದು ನೋಡ್ದೆ. ಉದುರಿದ ಬ್ಯಾಚಿಂದ ಬೇಕಂತಲೇ 30 ಇಟ್ಕೊಂಡಿದ್ದೆ, ಮೊದ್ಲು ಅದನ್ನ ಹೊಡೆದೆ. 25 ಗಜದ ಗುರೀಲಿ ಮೊದಲ ಹತ್ತು ಒಂದು ತಟ್ಟೆ ಅಗಲಕ್ಕೆ ಬಿದ್ವು, ಕೊನೆ ಹತ್ತು ಮೊರದಗಲ. ನಳಿಗೆ ಒಳಗೆ ಲೈಟ್ ಬಿಟ್ಟು ನೋಡಿದ್ರೆ ಬಾಯಿ ಕಡೆಯ ಕೊನೆ ಎರಡಿಂಚಲ್ಲಿ ಬೆಳ್ಳಿ ಬಳಿದಂಗೆ ಸೀಸ. ಎಲ್ಲಿ ಮೆತ್ತಿದೆ ಅನ್ನೋದು ಮುಖ್ಯ: ಬುಡದಲ್ಲಿ ಮೆತ್ತಿದ್ರೆ ಸಾಮಾನ್ಯವಾಗಿ ಗುಂಡಿನ ಅಳತೆ ಸರಿಯಿಲ್ಲ, ಗ್ಯಾಸ್ ಪಕ್ಕದಿಂದ ನುಗ್ತಿದೆ, ಬಾಯಲ್ಲಿ ಮೆತ್ತಿದ್ರೆ ದಾರಿ ಮಧ್ಯೆನೇ ಮೇಣ ಮುಗಿದಿದೆ. ನಂದು ಎರಡನೇದು, ಸಂಶಯನೇ ಇಲ್ಲ. ಅದನ್ನ ತೆಗೆಯೋಕೆ ಪಾತ್ರೆ ಉಜ್ಜೋ ತಾಮ್ರದ ನಾರನ್ನ ಬ್ರಷ್ಷಿಗೆ ಸುತ್ತಿ ಎಳೆದೆ, ಅಂಗ್ಡೀಲಿ ತಗೊಳ್ಳುವಾಗ ಮ್ಯಾಗ್ನೆಟ್ ಹಿಡಿದು ನೋಡಿ, ಅಂಟಿದ್ರೆ ಅದು ತಾಮ್ರದ ನೀರು ಕುಡಿಸಿದ ಕಬ್ಬಿಣ, ನಳಿಗೆ ಗೀರುತ್ತೆ. ಆಮೇಲೆ ಬೆಚ್ಚಗೆ ಮಾಡಿದ ಬ್ಯಾಚಿಂದ 100 ಹೊಡೆದೆ. ನೂರನೇದೂ ಮೊದಲ್ನೇದರ ಹತ್ರಾನೇ ಬಿತ್ತು, ನಳಿಗೆ ಬಾಯಲ್ಲಿ ಮೇಣದ ತೆಳು ನಕ್ಷತ್ರ ಕೂತಿತ್ತು, ಅದು ಮೇಣ ಕೊನೇವರೆಗೆ ಬಂದಿದೆ ಅನ್ನೋ ಗುರುತು, ಒಣ ಬಟ್ಟೆ ಎರಡು ಸಲ ಎಳೆದ್ರೆ ಒಳಗೆ ಕ್ಲೀನ್.

ಇನ್ನು ಸುಮಾರು 400 ಬಾಕಿ ಇದೆ. ಈಗ ಹೀಟರಿಗೆ ಒಂದು ಟೈಮರ್ ಹಾಕಿದೀನಿ, ಶನಿವಾರ ಬೆಳಿಗ್ಗೆ ಆರಕ್ಕೆ ನಾನು ಗ್ಯಾರೇಜಲ್ಲೇ ಇರ್ತೀನಿ, ಹಿಮ ತೆಗೆಯೋಕೆ ಹೆಂಗಿದ್ರೂ ಏಳ್ಬೇಕು, ಆಗ ಆನ್ ಆಗುತ್ತೆ, ಯಾರೂ ಇಲ್ದಾಗ ಆನ್ ಆಗೋ ಹಂಗೆ ಇಡ್ಲಿಲ್ಲ, ತುಪ್ಪದ ದಿನ ನೆನಪಿದೆ. ಡ್ರೈವ್‌ವೇ ಹಿಮ ತೆಗೆದು ಮುಗಿಯೋಷ್ಟರಲ್ಲಿ ಸೈಜರ್ 38ಕ್ಕೆ ಬಂದಿರುತ್ತೆ. ಕೈಗೆ ತೆಳು ನೈಟ್ರೈಲ್ ಗ್ಲೌಸ್, ಅದರ ಕೆಳಗೆ ಇನ್ನೊಂದು ಉಣ್ಣೇದು. ಕಾಫಿ ಲೋಟ ಮಾತ್ರ ಒಳಗೆ ತರಂಗಿಲ್ಲ, ಸೀಸದ ಜಾಗ, ಅದು ಬಾಗ್ಲ ಹೊರಗಿನ ಸ್ಟೂಲ್ ಮೇಲೆ. ಇಪ್ಪತ್ತು ಗುಂಡು ಎಳೆದು, ಗ್ಲೌಸ್ ಬಿಚ್ಚಿ, ಕೈ ತೊಳ್ಕೊಂಡು ಹೋಗೋಷ್ಟರಲ್ಲಿ ಅದರ ಮೇಲೆ ಐಸ್ ಕೆನೆ ಕಟ್ಟಿರುತ್ತೆ.